ನೆರಳಿನ ಇಳಿಜಾರಿಗೆ ತೆಂಗಿನ ನಾರಿನ ಬಲೆ: ಹಾಸಿ ನೋಡಿದ ಮೇಲೆ

ಇಳಿಜಾರಿನ ಹಿತ್ತಿಲಲ್ಲಿ ಸ್ಥಳೀಯ ಗಿಡಗಳ ತೋಟ ಮಾಡಲು ಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ: ಗಿಡಕ್ಕಿಂತ ಮುಂಚೆ ತೆಂಗಿನ ನಾರಿನ ಬಲೆ ತನ್ನಿ.

ನಮ್ಮ ಹಿತ್ತಿಲ ಮೇಲೆ ಮರಗಳ ದಟ್ಟ ನೆರಳು. ಹುಲ್ಲು ಹತ್ತುವುದಿಲ್ಲ. ಮಳೆ ಬಂದರೆ ಮೇಲ್ಮಣ್ಣು ಸೀದಾ ಕೆಳಗೆ. ಗಿಡಗಳು ಬೇರು ಬಿಟ್ಟ ಮೇಲೆ ಮಣ್ಣು ಹಿಡಿಯುತ್ತವೆ ನಿಜ, ಆದರೆ ನೆರಳಲ್ಲಿ ಬೆಳೆಯುವುದೇ ನಿಧಾನ. ಅಲ್ಲಿಯವರೆಗೆ ಮಣ್ಣು ಕಾಯುವುದಕ್ಕೇ ಈ ಬಲೆ.

ಚದರ ಮೀಟರಿಗೆ 400, 700, 900 ಗ್ರಾಂ ತೂಕದಲ್ಲಿ ಸಿಗುತ್ತದೆ. ನಾನು ತಂದದ್ದು 700. 900ರ ಕಣ್ಣು ಚಿಕ್ಕದು, ಗಿಡ ಕೂರಿಸಲು ಜಾಸ್ತಿ ಕತ್ತರಿಸಬೇಕು. ಸೆಣಬಿನ ಬಲೆ ಬೇಗ ಕೊಳೆಯುತ್ತದೆ. ತೆಂಗಿನ ನಾರಿನಲ್ಲಿ ಲಿಗ್ನಿನ್ (ನಾರಿಗೆ ಗಡಸುತನ ಕೊಡುವ, ಬೇಗ ಕೊಳೆಯದ ಅಂಶ) ಜಾಸ್ತಿ, ಹಾಗಾಗಿ ಹೆಚ್ಚು ಕಾಲ ಬಾಳುತ್ತದೆ. ಪ್ಲಾಸ್ಟಿಕ್ ಬಲೆ ಮಾತ್ರ ಬೇಡವೇ ಬೇಡ. ಹಾವು, ಹಲ್ಲಿ ಸಿಕ್ಕಿಕೊಂಡು ಸಾಯುತ್ತವೆ. ಅವೆಲ್ಲ ಬರಲಿ ಅಂತಲೇ ಈ ತೋಟ ಮಾಡುವುದು, ಅಲ್ವಾ?

ಹಾಸುವಾಗ ಇಳಿಜಾರಿನ ತಲೆಯಲ್ಲಿ ಗೇಣುದ್ದ ಆಳ ತೋಡಿ, ಬಲೆಯ ಅಂಚನ್ನು ಅಲ್ಲಿ ಹೂಳಬೇಕು. ಆಮೇಲೆ ಮೇಲಿಂದ ಕೆಳಕ್ಕೆ ಬಿಚ್ಚುತ್ತಾ ಬನ್ನಿ. ಎಳೆದು ಬಿಗಿ ಮಾಡಬೇಡಿ. ಬಿಗಿಯಾದರೆ ತಗ್ಗು ಇರುವಲ್ಲಿ ಬಲೆ ನೆಲ ಮುಟ್ಟುವುದಿಲ್ಲ, ನೀರು ಅದರಡಿಯಲ್ಲೇ ದಾರಿ ಮಾಡಿಕೊಳ್ಳುತ್ತದೆ.

ಜೋರು ಮಳೆಯ ನಂತರ ಬಗ್ಗಿ ನೋಡಿದೆ. ಪ್ರತಿ ಅಡ್ಡ ಹುರಿಯ ಮೇಲ್ಬದಿಗೆ ಬೆರಳಗಲ ಮಣ್ಣು, ತರಗೆಲೆಯ ಚೂರು ಕೂತಿತ್ತು. ಒಂದೊಂದು ಹುರಿಯೂ ಪುಟ್ಟ ಬದುವಿನ ಹಾಗೆ! ಎಷ್ಟು ಖುಷಿಯಾಯಿತು ಅಂದರೆ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಬಲೆಯನ್ನು ನೆಲಕ್ಕೆ ಕಚ್ಚಿಸಲು ಜೊತೆಗೆ ಕೊಟ್ಟ ತಂತಿಯ ಕೊಕ್ಕೆಗಳು ಮಾತ್ರ ಪ್ರಯೋಜನವಿಲ್ಲ. ಮರದ ಬೇರು ತಗುಲಿದರೆ ಸಾಕು, ಬಾಗುತ್ತವೆ. ನಾನು ಮರದ ಗೂಟ ಕೆತ್ತಿಕೊಂಡೆ. ಬೇರು ಸಿಕ್ಕ ಕಡೆ ಗೂಟವನ್ನು ಪಕ್ಕಕ್ಕೆ ಸರಿಸಿ ಹೊಡೆಯಿರಿ. ನೆಲ ಸಮ ಮಾಡಲು ಬೇರಿನ ಮೇಲೆ ಮಣ್ಣು ಸುರಿಯಲೂ ಬೇಡಿ. ಬೇರಿಗೆ ಗಾಳಿ ಸಿಗದೆ ಮರ ಸೊರಗುತ್ತದೆ.

ಜರಿಗಿಡ, ಜೇಕು, ನೆರಳಲ್ಲೂ ಬೆಳೆಯುವ ಪೊದೆ, ಯಾವುದಾದರೂ ಸರಿ, ನಿಮ್ಮ ನೆಲದ್ದೇ ಜಾತಿ ಇರಲಿ, ಸಣ್ಣ ಸಸಿಯೇ ಇರಲಿ. ಗುಂಡಿ ಚಿಕ್ಕದಾದರೆ ಬೇರು ಕಡಿಯುವುದು ತಪ್ಪುತ್ತದೆ, ಬಲೆಯಲ್ಲೂ ಒಂದೆರಡು ಹುರಿ ಕತ್ತರಿಸಿದರೆ ಸಾಕು. ಮೇಲಿನ ಎರಡು ಗಿಡಗಳ ಸಂದಿಗೆ ಕೆಳಸಾಲಿನ ಗಿಡ ಬರಬೇಕು, ಆಗ ನೀರು ನೇರ ಇಳಿಯುವುದಿಲ್ಲ.

ಕುಸಿಯುತ್ತಿರುವ ದಿಬ್ಬಕ್ಕೆ ಇದು ಸಾಲದು. ಅಂಥ ಕಡೆ ತಡೆಗೋಡೆಯೇ ಬೇಕು. ಸಾಧಾರಣ ಇಳಿಜಾರಾದರೆ ಧೈರ್ಯವಾಗಿ ತಗೊಳ್ಳಿ. ಕೊಕ್ಕೆ ಬಿಟ್ಟು ಬಲೆ ಮಾತ್ರ ಕೊಡುತ್ತಾರಾ ಕೇಳಿ.