‘ಸೆಕೆಂಡಿಗೆ 10 ಫೋಟೊ’ ಕ್ಯಾಮೆರಾ ಕೊಳ್ಳುವ ಮುಂಚೆ ಇದನ್ನು ಓದಿ

ಕಂಬಳ, ಹಕ್ಕಿ, ಕ್ರಿಕೆಟ್ ತೆಗೆಯಲೆಂದೇ ಕ್ಯಾಮೆರಾ ಕೊಳ್ಳುವವರು ದಯವಿಟ್ಟು ಗಮನಿಸಿ. ಡಬ್ಬದ ಮೇಲಿನ ‘ಸೆಕೆಂಡಿಗೆ 10 ಫೋಟೊ’ ಸುಳ್ಳಲ್ಲ. ಆದರೆ ಆ ವೇಗ ಎಷ್ಟು ಸೆಕೆಂಡು ನಿಲ್ಲುತ್ತದೆ ಅಂತ ಡಬ್ಬವೂ ಹೇಳುವುದಿಲ್ಲ, ಅಂಗಡಿಯವರೂ ಹೇಳುವುದಿಲ್ಲ.

ಕೊಳ್ಳುವಾಗ ಅಂಗಡಿಯವರಿಗೆ, ಕಂಬಳಕ್ಕೆ ಬೇಕು, ರಾ ಫೈಲೇ (ಕ್ಯಾಮೆರಾ ಸಂಸ್ಕರಿಸದೆ ಹಾಗೇ ಉಳಿಸುವ ದೊಡ್ಡ ಫೈಲ್) ತೆಗೆಯುವುದು ಎಂದು ನಾನು ಬಿಡಿಸಿ ಹೇಳಿದ್ದೆ. ‘ಬಟನ್ ಒತ್ತಿ ಹಿಡ್ಕೊಳ್ಳಿ ಸರ್, ಅದೇ ಹೊಡೀತಾ ಹೋಗುತ್ತೆ’ ಎಂದರು. ಸೆಕೆಂಡಿಗೆ 170 ಎಂಬಿ ಸ್ಪೀಡಿನದು ಅಂತ ಒಂದು ಮೆಮೊರಿ ಕಾರ್ಡನ್ನೂ ಮಾರಿದರು.

ಕಂಬಳದ ಕನೆಹಲಗೆ ವಿಭಾಗದಲ್ಲಿ ಕೋಣಗಳು ಓಡಿ ಬರುವಾಗ ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. ನನಗೆ ಬೇಕಿದ್ದದ್ದು ಆ ಕ್ಷಣ. ಅವರು ಹೇಳಿದಂತೆಯೇ ಒತ್ತಿ ಹಿಡಿದೆ. ಎರಡು ಸೆಕೆಂಡು ಪಟಪಟ ಹೊಡೆದ ಕ್ಯಾಮೆರಾ ಆಮೇಲೆ ತಡವರಿಸತೊಡಗಿತು. ಒಂದು ಫ್ರೇಮಿನಲ್ಲಿ ಕೋಣಗಳು ಇನ್ನೂ ದೂರ, ಮುಂದಿನದರಲ್ಲಿ ನೀರು ಆಗಲೇ ಕೆಳಗಿಳಿದಿದೆ. ಎಷ್ಟು ಹೊಟ್ಟೆ ಉರಿಯಿತೆಂದರೆ!

ಕಾರಣ ಬಫರ್. ತೆಗೆದ ಫೋಟೊಗಳು ಮೊದಲು ಕ್ಯಾಮೆರಾದೊಳಗಿನ ಈ ತಾತ್ಕಾಲಿಕ ಮೆಮೊರಿಗೆ ಬಂದು, ಅಲ್ಲಿಂದ ಕಾರ್ಡಿಗೆ ಇಳಿಯುತ್ತವೆ. ತೊಟ್ಟಿಗೆ ದೊಡ್ಡ ಪೈಪಿನಲ್ಲಿ ನೀರು ಬಿಟ್ಟು ಸಣ್ಣ ನಲ್ಲಿಯಿಂದ ಖಾಲಿ ಮಾಡಿದ ಹಾಗೆ. 24 ಮೆಗಾಪಿಕ್ಸೆಲ್‌ನ ಒಂದು ರಾ ಫೈಲ್ ಸುಮಾರು 25 ಎಂಬಿ. ಹತ್ತು ಅಂದರೆ ಸೆಕೆಂಡಿಗೆ 250 ಎಂಬಿ. ನನಗೆ ಮಾರಿದಂಥ ಯುಹೆಚ್‌ಎಸ್-1 (ಕಾರ್ಡಿನ ಒಂದು ವೇಗದ ವರ್ಗ) ಕಾರ್ಡ್ ಕ್ಯಾಮೆರಾದೊಳಗೆ ಸೆಕೆಂಡಿಗೆ 104 ಎಂಬಿಗಿಂತ ಮೇಲೆ ಹೋಗಲಾರದು. ಅದರ ಮೇಲಿನ 170 ಓದುವ ವೇಗ, ಅದೂ ವಿಶೇಷ ರೀಡರ್ ಇದ್ದರೆ ಮಾತ್ರ. ಕಾರ್ಡಿನ ಮೇಲೆ ವಿ30 ಎಂದಿದ್ದರೆ ಬರೆಯುವ ವೇಗಕ್ಕೆ ಖಾತ್ರಿ ಇರುವುದು ಬರೀ 30 ಎಂಬಿಗೆ. ಇದಕ್ಕಿಂತ ವೇಗದ ಯುಹೆಚ್‌ಎಸ್-2 ಕಾರ್ಡ್ ಕೊಂಡರೂ, ಕ್ಯಾಮೆರಾದ ಸ್ಲಾಟ್ ಹಳೆಯದಾದರೆ ದುಡ್ಡು ದಂಡ.

ವಾಪಸ್ ಕೇಳಿದ್ದಕ್ಕೆ ‘ಡಬ್ಬ ಒಡೆದಾಗಿದೆ’ ಎಂದು ಕೈ ಝಾಡಿಸಿಬಿಟ್ಟರು.

ಹಾಗಾಗಿ ಬಿಲ್ ಮಾಡಿಸುವ ಮುಂಚೆ ಡೆಮೊ ಕ್ಯಾಮೆರಾಕ್ಕೆ ನಿಮ್ಮದೇ ಕಾರ್ಡ್ ಹಾಕಿ. ರಾ, ಹೈ ಸ್ಪೀಡ್ ಇಟ್ಟು ಒತ್ತಿ ಹಿಡಿಯಿರಿ. ವೇಗ ಇಳಿಯುವ ಹೊತ್ತಿಗೆ ಎಷ್ಟು ಫೋಟೊ ಆಯಿತು, ಕಾರ್ಡಿಗೆ ಬರೆಯುವಾಗ ಉರಿಯುವ ಕ್ಯಾಮೆರಾದ ಲೈಟು ಆರಲು ಎಷ್ಟು ಹೊತ್ತು ಬೇಕಾಯಿತು, ಎರಡನ್ನೂ ನೋಡಿ. ಇದಕ್ಕೆ ಬಿಡದ ಅಂಗಡಿಯಿಂದ ಎದ್ದು ಬನ್ನಿ.

ಈಗಾಗಲೇ ಕೊಂಡವರು ರಾ ಬಿಟ್ಟು, ಚಿಕ್ಕ ಫೈಲಾದ ಜೆಪೆಗ್‌ಗೆ ಬದಲಿಸಿದರೆ ಬಫರ್ ಎಷ್ಟೋ ಹೆಚ್ಚು ಹೊತ್ತು ತಡೆಯುತ್ತದೆ. ಬಫರ್ ತುಂಬಿ ಕ್ಯಾಮೆರಾ ನಿಂತಿತೆಂದು ಗಾಬರಿಯಲ್ಲಿ ಬ್ಯಾಟರಿ ಮಾತ್ರ ಕೀಳಬೇಡಿ. ಲೈಟು ಉರಿಯುತ್ತಿರುವಾಗ ಕಿತ್ತರೆ ಇನ್ನೂ ಕಾರ್ಡಿಗೆ ಇಳಿಯದ ಫೋಟೊಗಳು ಹೋಗುತ್ತವೆ, ಕಾರ್ಡೂ ಕೆಡಬಹುದು.