800 ಎಂಎಂ ಇಪಿಪಿ ಕಾಂಬ್ಯಾಟ್ ವಿಂಗ್ ಕಿಟ್, ಬ್ರಹ್ಮಾವರದ ಗದ್ದೆಯಲ್ಲಿ ಹಾರಿಸಿ ನೋಡಿದ್ದು

ಕಾಂಬ್ಯಾಟ್‌ಗೆ ಅಂತ ರಿಮೋಟ್ ಪ್ಲೇನ್ ತಗೊಳ್ಳುವವರು ಫಸ್ಟ್ ಕೇಳುವುದು ಒಂದೇ, ಬಿದ್ರೆ ಎಂತ ಆಗ್ತದೆ ಅಂತ. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೇನೆ. ಹೋದ ಭಾನುವಾರ ಬ್ರಹ್ಮಾವರದ ಹತ್ರ ಕೊಯ್ಲಾದ ಗದ್ದೆಯಲ್ಲಿ ನಾವು ಏಳು ಜನ ಫ್ರೆಂಡ್ಸ್ ಸೇರಿ ಕಾಂಪಿಟಿಷನ್ ಇಟ್ಟಿದ್ವಿ, ಮೂರನೇ ರೌಂಡಲ್ಲಿ ನನ್ನ ವಿಂಗೂ (ಬರೀ ರೆಕ್ಕೆಯ ಆಕಾರದ ಈ ಪ್ಲೇನ್) ಮಂಗಳೂರಿಂದ ಬಂದವರೊಬ್ರ ವಿಂಗೂ ಎದುರೆದುರು ಗುದ್ದಿ ನನ್ನದು ಗಿರಗಿರ ತಿರುಗ್ತಾ ಬಂದು ಕೂಳೆ ಮಧ್ಯ ಮೂಗು ಊರಿ ನಿಂತಿತು. ಓಡಿ ಹೋಗಿ ನೋಡಿದ್ರೆ ಎದುರಿನ ಅಂಚಲ್ಲಿ ಹೆಬ್ಬೆರಳಷ್ಟು ಉದ್ದದ ಸೀಳು, ಅದರೊಳಗೆ ಕೆಸರು, ರೆಕ್ಕೆಯ ಹಿಂದಿನ ಪಟ್ಟಿ ಆಡಿಸುವ ಒಂದು ಪುಶ್‌ರಾಡ್ ಬಾಗಿದೆ, ಅಷ್ಟೇ. ಬೈರಾಸಲ್ಲಿ ಕೆಸರು ಒರೆಸಿ, ಸೀಳಿಗೆ ಫೆವಿಕ್ವಿಕ್ ಬಿಟ್ಟು ಸ್ವಲ್ಪ ಹೊತ್ತು ಒತ್ತಿ ಹಿಡಿದು, ಮೇಲಿಂದ ನೂಲಿನ ಟೇಪ್ ಅಂಟಿಸಿ, ರಾಡ್ ಕೈಯಲ್ಲೇ ನೆಟ್ಟಗೆ ಮಾಡಿ, ನಾಲ್ಕನೇ ರೌಂಡಿಗೆ ಎಲ್ಲರ ಜೊತೆಗೇ ಎಸೆದೆ. ಇದಕ್ಕಿಂತ ಹೆಚ್ಚು ಎಂತ ಬೇಕು ಹೇಳಿ.

ಕಾಂಬ್ಯಾಟ್ ಆಟ ಗೊತ್ತಿಲ್ಲದವರಿಗೆ ಹೇಳುವುದಾದ್ರೆ, ಪ್ರತಿ ಪ್ಲೇನಿನ ಹಿಂದೆ ಕ್ರೇಪ್ ಪೇಪರಿನ ಉದ್ದ ಬಾಲ ಕಟ್ತೇವೆ, ಬೇರೆಯವರ ಬಾಲ ಕತ್ತರಿಸಿದ್ರೆ ಪಾಯಿಂಟ್, ನಮ್ಮ ಬಾಲ ಉಳಿಸಿಕೊಂಡು ಇಳಿದ್ರೆ ಅದಕ್ಕೂ ಪಾಯಿಂಟ್, ನಮ್ಮಲ್ಲಿ ರೌಂಡ್ ನಾಲ್ಕು ನಿಮಿಷದ್ದು. ಪ್ಲೇನಿಗೆ ಗುದ್ದುವುದು ಆಟದ ಉದ್ದೇಶ ಅಲ್ಲ, ಆದ್ರೆ ಏಳು ಪ್ಲೇನ್ ಒಟ್ಟಿಗೆ ಬಾಲದ ಹಿಂದೆ ಬಿದ್ದ ಮೇಲೆ ಗುದ್ದದೆ ಇರುವುದಿಲ್ಲ. ಗದ್ದೆಯ ಯಜಮಾನ್ರು ಕಟ್ಟಪುಣಿಯಲ್ಲಿ ನಿಂತು ನೋಡಿ "ಇದು ಕೋಳಿ ಅಂಕದ ಹಾಗೆಯೇ ಉಂಟಲ್ಲ ಮಾರಾಯ್ರೆ, ಬಾಳು ಕಟ್ಟಿಲ್ಲ ಅಷ್ಟೇ" ಅಂದ್ರು, ಬಾಳು ಅಂದ್ರೆ ಕೋಳಿಯ ಕಾಲಿಗೆ ಕಟ್ಟುವ ಚೂರಿ.

ಇಪಿಪಿ ಅಂದ್ರೆ ಕಾರಿನ ಬಂಪರ್ ಒಳಗೆ ಹಾಕುವ ಜಾತಿಯ ಫೋಮ್, ಒತ್ತಿದ್ರೆ ತಗ್ಗಿ ವಾಪಸ್ ಏಳ್ತದೆ. ನನ್ನ ಮೊದಲಿನ ಥರ್ಮಾಕೋಲ್ ಪ್ಲೇನ್ ಒಂದೇ ಏಟಿಗೆ ಕಾಳು ಕಾಳಾಗಿ ಉದುರಿತ್ತು, ಅದಕ್ಕೆ ಫೆವಿಕ್ವಿಕ್ ಹಾಕುವ ಹಾಗೂ ಇಲ್ಲ, ಥರ್ಮಾಕೋಲನ್ನೇ ತಿಂದು ಬಿಡ್ತದೆ. ಇದಕ್ಕೆ ಆ ತೊಂದರೆ ಇಲ್ಲ. ಫ್ಯಾನ್ ಹಿಂದೆ ಇರುವುದರಿಂದ ಮೂಗು ಊರಿ ಬಿದ್ರೂ ಮೋಟಾರಿಗೆ ಪೆಟ್ಟು ಕಡಿಮೆ, ಇಡೀ ದಿನದಲ್ಲಿ ನನಗೆ ಒಂದು ಪ್ರೊಪೆಲ್ಲರ್ ಮಾತ್ರ ಹೋಯ್ತು. ಆದ್ರೆ ಎಸೆಯುವಾಗ ಜಾಗ್ರತೆ ಮಾಡಿ, ಕೈಯಿಂದ ಬಿಟ್ಟ ಮೇಲೆಯೇ ಥ್ರಾಟಲ್ ಕೊಡಬೇಕು, ಇಲ್ಲದಿದ್ರೆ ಬೆರಳಿಗೆ ಬರ್ತದೆ.

ಕಿಟ್ಟಿಗೆ ನಾನು ಕೊಟ್ಟದ್ದು 1,850 ರೂಪಾಯಿ, ಫೋಮ್, ಮೋಟಾರ್ ಮೌಂಟ್, ರಾಡ್ ಸಿಕ್ಕಿಸುವ ಹಾರ್ನ್, ರಾಡ್ ಮಾತ್ರ ಬರ್ತದೆ. ಮೋಟಾರ್, ಅದರ ಸ್ಪೀಡ್ ಕಂಟ್ರೋಲ್ ಮಾಡುವ 30 ಆಂಪ್ ಇಎಸ್‌ಸಿ, ರಾಡ್ ಎಳೆಯುವ ಎರಡು ಸರ್ವೋ ಮೋಟಾರ್, 3 ಸೆಲ್ಲಿನ 1300 ಎಂಎಎಚ್ ಬ್ಯಾಟರಿ ಎಲ್ಲ ಹಳೇ ಪ್ಲೇನಿಂದ ತೆಗೆದು ಹಾಕಿದ್ದು. ನಾಲ್ಕು ನಿಮಿಷದ ರೌಂಡಿಗೆ ಬ್ಯಾಟರಿ ಸರೀ ಸಾಕಾಗ್ತದೆ, ಅದಕ್ಕಿಂತ ಜಾಸ್ತಿ ಎಳೆಯಲು ಹೋಗ್ಬೇಡಿ, ಒಂದೊಂದು ಸೆಲ್ 3.5 ವೋಲ್ಟಿಗೆ ಬಂತೆಂದ್ರೆ ಇಳಿಸಿಬಿಡಿ, ನನ್ನ ಒಂದು ಬ್ಯಾಟರಿ ಹಾಗೇ ಉಬ್ಬಿ ಹೋದದ್ದು.

ಬೇಜಾರಾದ ವಿಷಯ ಕೂಡ ಹೇಳ್ಬೇಕು. ಪ್ಯಾಕೆಟ್ ಮೇಲೆ ಬ್ರ್ಯಾಂಡಿನ ಹೆಸರಿಲ್ಲ, ಒಳಗೆ ಒಂದು ಹಾಳೆ ಸೂಚನೆಯೂ ಇಲ್ಲ. ಜೊತೆಗೆ ಬಂದ ಸ್ಕ್ರೂ ನಮ್ಮ ಕಡಲ ಬದಿಯ ಹವೆಗೆ ಎರಡೇ ವಾರದಲ್ಲಿ ತುಕ್ಕು ಹಿಡಿದವು, ನಾನು ಸ್ಟೀಲಿನದ್ದು ಹಾಕಿದೆ. ಪ್ಲಾಸ್ಟಿಕ್ ಗೇರಿನ ಸರ್ವೋ ಇದ್ರೆ ಅದನ್ನೂ ಬದಲಾಯಿಸಿ, ಎರಡನೇ ಗುದ್ದಿಗೇ ಹಲ್ಲು ಹಾರ್ತದೆ, ಮೆಟಲ್ ಗೇರೇ ಬೇಕು. ಎಲ್ಲಕ್ಕಿಂತ ದೊಡ್ಡ ತಪ್ಪು ಫೋಮ್ ಮೇಲೆ ಹಾಕಿ ಕೊಟ್ಟ ಸಿಜಿ ಮಾರ್ಕು, ಅಂದ್ರೆ ಪ್ಲೇನಿನ ತೂಕ ಎಲ್ಲಿ ಬ್ಯಾಲೆನ್ಸ್ ಆಗ್ಬೇಕು ಅಂತ ತೋರಿಸುವ ಗುರುತು. ಅದನ್ನು ನಂಬಿ ತಮ್ಮನ ಕೈಯಲ್ಲಿ ಎಸೆಸಿದೆ, ಮೂಗೆತ್ತಿ ನೆಟ್ಟಗೆ ನಿಂತು ಹಿಂದಕ್ಕೆ ಪಲ್ಟಿ ಹೊಡೆದು ಅವನ ತಲೆಯಿಂದ ಒಂದು ಗೇಣು ದೂರದಲ್ಲಿ ಬಿತ್ತು, ಆ ಹೆದರಿಕೆ ಇನ್ನೂ ಹೋಗ್ಲಿಲ್ಲ. ಹೊಸಬರ ಕೈಗೆ ಹೋಗುವ ಸಾಮಾನು ಇದು, ಇಂಥ ಮಾರ್ಕ್ ಹಾಕಿ ಮಾರಲೇಬಾರದು.

ಹಾರಿಸುವ ಜಾಗದ ಬಗ್ಗೆಯೂ ಒಂದು ಮಾತು, ಬಜ್ಪೆ ಏರ್‌ಪೋರ್ಟ್ ಸುತ್ತಮುತ್ತ ಇದನ್ನು ಹಾರಿಸುವ ಯೋಚನೆಯೇ ಬೇಡ, ಬೇರೆ ಕಡೆ ಕೂಡ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಲ್ಲಿ ಗ್ರೀನ್ ಝೋನ್ (ಹಾರಿಸಲು ಬಿಡುವ ಜಾಗ) ಹೌದಾ ಅಂತ ನೋಡಿಯೇ ಹೋಗಿ. ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಹತ್ತೂವರೆ ಒಳಗೆ ಮುಗಿಸಿದ್ರೆ ಒಳ್ಳೇದು, ಆಮೇಲೆ ಕಡಲ ಗಾಳಿ ಏಳ್ತದೆ, ಕೊನೇ ರೌಂಡಲ್ಲಿ ಎರಡು ಕೆಂಪು ಬಾಲ ತೆಂಗಿನ ಮಡಲಿಗೆ ಹೋಗಿ ಸಿಕ್ಕಿಬಿದ್ದವು.

ಕಾಂಬ್ಯಾಟ್ ಕಲಿಯುವವರು ಇದನ್ನೇ ತಗೊಳ್ಳಿ, ನಾನು ಇನ್ನೊಂದಕ್ಕೆ ಆರ್ಡರ್ ಹಾಕಿ ಆಯ್ತು. ಸಿಜಿಯನ್ನು ಅವರ ಮಾರ್ಕಿಗಿಂತ 1 ಸೆಂಟಿಮೀಟರ್ ಮುಂದೆ ಇಟ್ಟು, ಹಿಂದಿನ ಎರಡೂ ಪಟ್ಟಿ (ಎಲೆವಾನ್) ಒಂದೆರಡು ಮಿಲಿಮೀಟರ್ ಮೇಲೆ ಎತ್ತಿ ಸೆಟ್ ಮಾಡಿ, ನನ್ನದು ಹಾಗೆ ಮಾಡಿದ ಮೇಲೆ ರಿಮೋಟಲ್ಲಿ ಕೈ ಬಿಟ್ರೂ ನೇರ ಹೋಗ್ತದೆ.