ಹಳೇ ಕಾರಿಗೆ ಗೇರ್‌ಬಾಕ್ಸ್: ಗುಜರಿಯದೋ, ರೀಬಿಲ್ಡ್ ಮಾಡಿದ್ದೋ?

ಗುಜರಿಯ ಗೇರ್‌ಬಾಕ್ಸ್ ಅಗ್ಗ. ಆದರೆ ಒಳಗೆ ಎಷ್ಟು ಸವೆದಿದೆ ಅಂತ ಬಿಚ್ಚದೆ ಗೊತ್ತಾಗುವುದಿಲ್ಲ. ರೀಬಿಲ್ಡ್ ಮಾಡಿದ್ದಕ್ಕೆ ದುಡ್ಡು ಜಾಸ್ತಿ, ಸವೆದ ಬೇರಿಂಗ್, ಸೀಲ್, ಸಿಂಕ್ರೋ ರಿಂಗ್ (ಗೇರ್ ಬೀಳುವಾಗ ವೇಗ ಹೊಂದಿಸುವ ಬಳೆ) ಬದಲಾಗಿರುತ್ತವೆ. ವಾರಂಟಿ ಕೇಳಿ ಬರೆಸಿಕೊಳ್ಳಿ.

ಎರಡರಲ್ಲೂ ದೊಡ್ಡ ತಲೆನೋವು ಹೊಂದಾಣಿಕೆಯದು. "ಅದೇ ಮಾಡೆಲ್ ಸಾರ್" ಅನ್ನುವ ಮಾತು ಸಾಲದು. ಮಾಡೆಲ್ ಒಂದೇ ಆದರೂ ಎಂಜಿನ್ ಬೇರೆಯಾದರೆ ಬೆಲ್ ಹೌಸಿಂಗ್‌ನ (ಗೇರ್‌ಬಾಕ್ಸ್ ಎಂಜಿನ್‌ಗೆ ಸೇರುವ ಭಾಗ) ಬೋಲ್ಟ್ ತೂತುಗಳು ಕೂಡದೇ ಹೋಗಬಹುದು. ಕೇಸಿನ ಮೇಲಿನ ಕೋಡನ್ನು ನಿಮ್ಮದರ ಜೊತೆ ಹೋಲಿಸಿ. ಅದು ಗ್ರೀಸಿನಡಿ ಮುಚ್ಚಿರುತ್ತದೆ, ಹಳೇ ಬಟ್ಟೆಯೊಂದು ಜೊತೆಗಿರಲಿ. ಎಂಜಿನ್ ಕಡೆಯ ಇನ್‌ಪುಟ್ ಶಾಫ್ಟಿನ ಹಲ್ಲು ಎಣಿಸಿ. ಕ್ಲಚ್ ಪ್ಲೇಟ್ ಅದರ ಮೇಲೆ ಕೂರಬೇಕಲ್ವಾ? ಗೇರ್ ಅನುಪಾತವನ್ನೂ ಕೇಳಿ. ಬೇರೆಯಾದರೆ ಗಾಡಿ ಎಳೆಯುವ ರೀತಿಯೇ ಬದಲಾಗುತ್ತದೆ.

ಗುಜರಿಯದಾದರೆ ಆಯಿಲ್ ಇಳಿಸುವ ಡ್ರೈನ್ ಪ್ಲಗ್ ಬಿಚ್ಚಿಸಿ. ಅದರ ಮ್ಯಾಗ್ನೆಟ್‌ಗೆ ನುಣ್ಣನೆಯ ಬೂದು ಪುಡಿ ಅಂಟಿದ್ದರೆ ಗಾಬರಿ ಬೇಡ. ಲೋಹದ ಚೂರು ಕಂಡರೆ ಸುಮ್ನೆ ವಾಪಸ್ ಬನ್ನಿ.

ಮ್ಯಾನುಯಲ್ ಆದರೆ ನಾನು ಗುಜರಿಯದಕ್ಕೇ ಕೈ ಹಾಕುತ್ತೇನೆ. ಆಟೋಮ್ಯಾಟಿಕ್‌ಗೆ ಮಾತ್ರ ಇಲ್ಲ. ಒಳಗಿನ ಕ್ಲಚ್ ಪ್ಯಾಕ್ (ಒಂದರ ಮೇಲೊಂದು ಜೋಡಿಸಿದ ಕ್ಲಚ್ ಪ್ಲೇಟುಗಳು) ಸವೆದಿದ್ದರೆ ಹೊರಗೆ ಕಾಣದು. ಎಲೆಕ್ಟ್ರಾನಿಕ್ ಆಗಿದ್ದರಂತೂ ಗೇರ್ ನಡೆಸುವ ಕಂಪ್ಯೂಟರ್, ಅಂದರೆ ಕಂಟ್ರೋಲ್ ಯೂನಿಟ್ಟೂ ಅದಕ್ಕೆ ಹೊಂದಬೇಕು. ಅಲ್ಲಿ ರೀಬಿಲ್ಡೇ ವಾಸಿ.